ತಾವು ಹಾಜರಾಗಿರುವುದಿಲ್ಲ

ಜೂನ್ ೩, ಸೋಮವಾರ

ಶನಿವಾರ ಸಂಜೆಯವರೆಗೆ ನಾನು ‘ಮೇಡಂ’ ಆಗಿದ್ದೆ. ಇವತ್ತು ಬೆಳಿಗ್ಗೆ ‘ಅಕ್ಕ’ ಆದೆ. ನಡುವೆ ಆದದ್ದು ಇಷ್ಟೇ: ಆಸ್ಪತ್ರೆಯ ಪತ್ರ ವಿಭಾಗದ ಮುಖ್ಯಸ್ಥರ ಕುರ್ಚಿ ನನ್ನ ಕಣ್ಣೆದುರೇ, ನನ್ನ ಕೈಕೆಳಗೆ ಕಲಿತ ಹುಡುಗನ ಪಾಲಾಯಿತು.

“ಅಕ್ಕ, ನೀವು ನನಗೆ ಗುರು ಇದ್ದ ಹಾಗೆ. ನೀವಿಲ್ದೆ ನಾನೇನೂ ಮಾಡೋಕಾಗಲ್ಲ” ಎಂದು ಎಲ್ಲರ ಮುಂದೆ ಹಲ್ಲು ಬಿಟ್ಟ. ಗುರು ಇದ್ದ ಹಾಗಂತೆ! ಹಾಗೇನು ಬಂತು, ಗುರುವೇ ನಾನು. ಕೆಲಸಕ್ಕೆ ಸೇರಿದಾಗ ‘ಮಾನ್ಯರೇ’ ಎಂದು ಶುರುಮಾಡಿ ‘ತಮ್ಮ ವಿಶ್ವಾಸಿ’ ಎಂದು ಮುಗಿಸುವಷ್ಟರಲ್ಲಿ ಬೆವರಿಳಿಸುತ್ತಿದ್ದ ಗಿರಾಕಿ ಇವನು. ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದು ವಾಕ್ಯವನ್ನೂ ತಿದ್ದಿಸಿದವಳು ನಾನು. ಅವನ ಹೆಸರು ಬರೆದು ಈ ಪುಟ ಹಾಳುಮಾಡಿಕೊಳ್ಳುವುದಿಲ್ಲ. ನಗುಮುಖ ಎಂದರೆ ಸಾಕು. ನಿರ್ದೇಶಕರು ಮರುಳಾದದ್ದೂ ಆ ನಗುವಿಗೇ.

ನಮ್ಮವರು ಕನ್ನಡಕದ ಅಂಗಡಿ ಮುಚ್ಚಿ ಬಂದ ಮೇಲೆ ಎಲ್ಲ ಹೇಳಿಕೊಂಡೆ. “ಅಕ್ಕ ಅಂದ್ರೆ ಏನಾಯ್ತೇ? ಪ್ರೀತಿಗೆ ಅಂದಿರ್ತಾನೆ” ಎಂದರು. ಇವರಿಗೆ ಮಸೂರ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಇನ್ನು ಮೇಲೆ ಬೆನ್ನು ತಟ್ಟಿ ದುಡಿಸಿಕೊಳ್ಳುತ್ತೇನೆ ಎಂಬುದನ್ನೇ ಅವನು ‘ಅಕ್ಕ’ ಎಂದು ಹೇಳಿದ್ದಾನೆ. ಈ ಮುಯ್ಯಿ ತೀರಿಸದೆ ನಾನು ನಿವೃತ್ತಿಯಾಗುವುದಿಲ್ಲ.

ಜೂನ್ ೫, ಬುಧವಾರ

ಕುರ್ಚಿ ಬಿಸಿಯಾಗುವ ಮೊದಲೇ ಸಭೆ ಕರೆದ. ತಪಾಸಣೆಗೆ ಬಾರದ ರೋಗಿಗಳಿಗೆ ನಾವು ಕಳಿಸುವ ಪತ್ರವನ್ನು ಎತ್ತಿ ಹಿಡಿದು, ನಾಟಕದ ರಾಜನ ಧಾಟಿಯಲ್ಲಿ ಓದಿದ: “ತಾವು ನಿಗದಿತ ದಿನಾಂಕದಂದು ತಪಾಸಣೆಗೆ ಹಾಜರಾಗಿರುವುದಿಲ್ಲವೆಂಬ ಅಂಶವನ್ನು ಈ ಮೂಲಕ ತಮ್ಮ ಗಮನಕ್ಕೆ ತರಲಾಗಿದೆ.” ಎಲ್ಲರೂ ನಕ್ಕರು. ಆ ವಾಕ್ಯ ನನ್ನದು. ಅದು ಅವನಿಗೂ ಗೊತ್ತು.

“ಇದನ್ನ ಓದಿದ್ರೆ ಕೋರ್ಟಿಂದ ಬಂದ ಕಾಗದ ಅನ್ಸುತ್ತೆ. ಜನ ಹೆದರ್ಕೊಂಡು ಇನ್ನೂ ಬರಲ್ಲ. ಮನೆಯವರ ಹತ್ರ ಮಾತಾಡೋ ಹಾಗೆ ಬರೀಬೇಕು. ಅಕ್ಕ, ಏನಂತೀರಿ?”

ಏನನ್ನಲಿ? ಗುರುತಿಲ್ಲದವರ ಮನೆಗೆ ಹೋದರೆ ಬಾಗಿಲು ತಟ್ಟಿ, ಕರೆಯುವವರೆಗೂ ಹೊರಗೆ ನಿಲ್ಲುತ್ತೇವೆ. ಔಪಚಾರಿಕ ಭಾಷೆ ಎಂದರೆ ಅಷ್ಟೇ. ಕಾಯಿಲೆ ಬಿದ್ದವರ ಮನೆಯಲ್ಲಿ ಏನು ನಡೆದಿದೆಯೋ ನಮಗೆ ಗೊತ್ತಿರುವುದಿಲ್ಲ. ಅಲ್ಲಿಗೆ ನಗುನಗುತ್ತಾ ನುಗ್ಗಿ ಹೆಗಲ ಮೇಲೆ ಕೈಹಾಕಲು ನಾವು ಯಾರು? ಇದನ್ನೆಲ್ಲ ಅವನಿಗೆ ಹೇಳಲಿಲ್ಲ. “ಹಾಗೇ ಮಾಡೋಣ” ಎಂದೆ. ಮೈಯೆಲ್ಲ ಉರಿಯುತ್ತಿತ್ತು.

ಜೂನ್ ೧೧, ಮಂಗಳವಾರ

ದಾರಿ ಸಿಕ್ಕಿತು. ಎದುರು ಮಾತಾಡಬಾರದು. ಹೇಳಿದ್ದನ್ನು ಮಾಡಬೇಕು, ಬೇಡ ಬೇಡ ಎನ್ನುವಷ್ಟು ಮಾಡಬೇಕು. ಮನೆಯವರ ಹತ್ತಿರ ಮಾತಾಡುವ ಹಾಗೆ ಬೇಕೇನಪ್ಪಾ ನಿನಗೆ? ತಗೋ:

‘ನಮಸ್ಕಾರ! ಎಲ್ಲಿ ಹೋಗ್ಬಿಟ್ರಿ? ಡಾಕ್ಟರು ನಿಮಗೋಸ್ಕರ ಕಾದಿದ್ದೇ ಕಾದಿದ್ದು, ನೀವು ಮಾತ್ರ ಪತ್ತೆ ಇಲ್ಲ. ನಮ್ಮ ಮೇಲೆ ಕೋಪಾನಾ? ಬೇಗ ಬನ್ನಿ. ನಾವೆಲ್ಲ ಕಾಯ್ತಾ ಇರ್ತೀವಿ.’

ಬರೆಯುವಾಗ ನನಗೇ ಅಸಹ್ಯವಾಯಿತು. ನಮ್ಮಲ್ಲಿಂದ ಹೋಗುವ ಪ್ರತಿ ಪತ್ರಕ್ಕೂ ಮುಖ್ಯಸ್ಥರ ಸಹಿ ಬೀಳುತ್ತದೆ, ಬರೆದವರ ಹೆಸರು ಎಲ್ಲಿಯೂ ಇರುವುದಿಲ್ಲ. ಇಷ್ಟು ವರ್ಷ ಇದು ನನಗೆ ನೋವಿನ ವಿಷಯವಾಗಿತ್ತು. ಈಗ ನೋಡಿ, ಎಷ್ಟು ಅನುಕೂಲ! ಯಾರಾದರೂ ಹಿರಿಯರು ಈ ಪತ್ರ ಹಿಡಿದು, ಇದೇನು ಆಸ್ಪತ್ರೆಯೋ ಹರಟೆ ಕಟ್ಟೆಯೋ ಎಂದು ನಿರ್ದೇಶಕರ ಮೇಲೆ ಹರಿಹಾಯ್ದರೆ ಉರುಳುವುದು ನಗುಮುಖನ ತಲೆ.

ಅವನು ಓದಿ, “ಅಕ್ಕ! ನಿಮ್ಮೊಳಗೆ ಇದು ಎಲ್ಲಿ ಅಡಗಿತ್ತು?” ಎಂದು ಕಣ್ಣರಳಿಸಿದ. ನಾನೂ ನಕ್ಕೆ. ನನಗೂ ನಗಲು ಬರುತ್ತದೆ.

ಜೂನ್ ೨೪, ಸೋಮವಾರ

ಹಾಳಾಗಿ ಹೋಗಲಿ. ಜನರಿಗೆ ಹಿಡಿಸಿಬಿಟ್ಟಿದೆ!

ಹೊರರೋಗಿಗಳ ಸಾಲು ಬಾಗಿಲವರೆಗೆ ಬಂದಿದೆ. ಒಬ್ಬ ಮುದುಕಪ್ಪ ಪತ್ರವನ್ನು ಜೇಬಿನಲ್ಲಿ ಮಡಚಿಟ್ಟುಕೊಂಡು ಬಂದು, “ನನ್ನ ಸೊಸೆ ಕೂಡ ಇಷ್ಟು ಪ್ರೀತಿಯಿಂದ ಕೇಳಿಲ್ಲ, ಎಲ್ಲಿ ಹೋಗ್ಬಿಟ್ರಿ ಅಂತ” ಎಂದನಂತೆ. ನಿರ್ದೇಶಕರು ಖುದ್ದಾಗಿ ನಮ್ಮ ಕೋಣೆಗೆ ಬಂದು ನಗುಮುಖನ ಕೈ ಕುಲುಕಿದರು. ಅವನು ನನ್ನತ್ತ ತಿರುಗಿ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅವರು ಹೊರಟುಹೋಗಿದ್ದರು.

ನನ್ನ ವಾಕ್ಯ, ಅವನ ಹೆಸರು, ಅವನ ಮೆರೆದಾಟ. ಗುಂಡಿ ತೋಡಿ, ಅದರ ಮೇಲೆ ಅವನಿಗೆ ನಾನೇ ಮಂಟಪ ಕಟ್ಟಿಕೊಟ್ಟ ಹಾಗಾಯಿತು. ಊಟ ಸೇರಲಿಲ್ಲ.

ಜುಲೈ ೨, ಮಂಗಳವಾರ

ಅವನಾಗಿ ಅವನೇ ಕತ್ತು ಚಾಚಿದ್ದಾನೆ!

“ಅಕ್ಕ, ನೀವಿನ್ನು ಬರೆಯೋದು, ಲಕೋಟೆಗೆ ಹಾಕೋದು ಅಷ್ಟೇ ನೋಡ್ಕೊಳ್ಳಿ. ಪಟ್ಟಿ ಗಿಟ್ಟಿ ಎಲ್ಲ ನನಗೆ ಬಿಡಿ. ಈ ವಯಸ್ಸಲ್ಲಿ ನಿಮಗ್ಯಾಕೆ ಕಣ್ಣಿಗೆ ತ್ರಾಸು?” ಎಂದ.

ಈ ವಯಸ್ಸಲ್ಲಿ! ಸರಿ. ತಪಾಸಣೆಗೆ ಬಾರದವರ ಪಟ್ಟಿ ಹೊರರೋಗಿ ವಿಭಾಗದಿಂದ ಬರುತ್ತದೆ, ಅದನ್ನು ನೋಡಿ ಪತ್ರ ಹೋಗುತ್ತದೆ. ಇಷ್ಟು ಅವನಿಗೆ ಗೊತ್ತು. ರೆಕಾರ್ಡ್ ರೂಮಿನ ನನ್ನ ಗೆಳತಿ ವಾರಕ್ಕೊಂದು ಚೀಟಿ ಕಳಿಸುತ್ತಾಳೆ. ಆ ವಾರ ತೀರಿಕೊಂಡವರ ಹೆಸರು ಅದರಲ್ಲಿರುತ್ತದೆ. ಪತ್ರಗಳು ಹೊರಡುವ ಮೊದಲು ನಾನು ಎರಡನ್ನೂ ಪಕ್ಕಪಕ್ಕ ಇಟ್ಟು, ಸತ್ತವರ ಪತ್ರ ತೆಗೆದು ಹರಿದು ಹಾಕುತ್ತಿದ್ದೆ. ಯಾರೂ ಹೇಳಿದ ಕೆಲಸವಲ್ಲ, ಯಾವ ನಿಯಮದಲ್ಲಿಯೂ ಇಲ್ಲ. ಅವನಿಗೆ ಎಲ್ಲ ಕಲಿಸಿದೆ, ಇದೊಂದನ್ನು ಕಲಿಸಿರಲಿಲ್ಲ.

ನನಗೇನು? ಬರೆಯುವುದು, ಲಕೋಟೆಗೆ ಹಾಕುವುದು. ಇವತ್ತಿನ ಚೀಟಿಯನ್ನು ಮೇಜಿನ ಮೇಲಿನ ಪೇಪರ್‌ವೇಟ್ ಕೆಳಗೆ ತಳ್ಳಿ ಕೈತೊಳೆದುಕೊಂಡೆ.

ಜುಲೈ ೯, ಮಂಗಳವಾರ

ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿಕೊಂಡು ಕೂತಾಗ ಗೆಳತಿಯ ಮುಖ ಬಾಡಿತ್ತು. ಬಸ್ ಡ್ರೈವರನ ಹೆಂಡತಿ ಒಬ್ಬಳಿದ್ದಳು, ಮೂತ್ರಪಿಂಡದ ತೊಂದರೆಗೆ ಬರುತ್ತಿದ್ದಳು. ಕಾರಿಡಾರಿನಲ್ಲಿ ಎಲ್ಲರನ್ನೂ ನಗಿಸುತ್ತಿದ್ದಳಂತೆ. ಭಾನುವಾರ ತೀರಿಕೊಂಡಳು.

“ಗಂಡ ಡ್ಯೂಟಿಯಿಂದ ಯೂನಿಫಾರ್ಮಲ್ಲೇ ಓಡಿಬಂದಿದ್ದ ಕಣೇ. ಒಬ್ಬಳೇ ಮಗಳು. ಅದನ್ನ ನೆಂಟರ ಮನೇಲಿ ಬಿಟ್ಟಿದ್ರಂತೆ, ಮಣ್ಣು ಮಾಡುವಾಗಲೂ ಕರ್ಕೊಂಡು ಬಂದಿಲ್ಲ” ಎಂದಳು.

ಆಮೇಲೆ ಚೀಟಿ ಕೊಟ್ಟಳು. ಮೊದಲನೇ ಹೆಸರೇ ಅದು. ಪೇಪರ್‌ವೇಟ್ ಕೆಳಗೆ ಇಟ್ಟೆ.

ಜುಲೈ ೧೨, ಶುಕ್ರವಾರ

ನಗುಮುಖ ಸಹಿ ಮಾಡಿದ ಪತ್ರಗಳು ಲಕೋಟೆಗೆ ಹಾಕಲು ನನ್ನ ಮೇಜಿಗೆ ಬಂದವು. ಮಧ್ಯದಲ್ಲಿ ಅವಳ ಹೆಸರಿನ ಪತ್ರ ಇತ್ತು. ಬುಧವಾರದ ತಪಾಸಣೆಗೆ ಬಂದಿಲ್ಲವಂತೆ. ‘ನಮಸ್ಕಾರ! ಎಲ್ಲಿ ಹೋಗ್ಬಿಟ್ರಿ?’

ತೆಗೆದಿಡಬಹುದಿತ್ತು. ಪತ್ರವನ್ನು ಎತ್ತಿ ಹಿಡಿದಿದ್ದೆ ಕೂಡ. ಅಷ್ಟರಲ್ಲಿ ಅವನು ಕೋಣೆಯ ಆ ಕೊನೆಯಿಂದ, “ಅಕ್ಕ, ಟೀ ಹೇಳ್ಲಾ ನಿಮಗೆ?” ಎಂದು ಕೂಗಿದ, ಮನೆ ಕೆಲಸದವಳನ್ನು ವಿಚಾರಿಸಿಕೊಳ್ಳುವ ಹಾಗೆ. ಪಟ್ಟಿ ಗಿಟ್ಟಿ ನನಗೆ ಬಿಡಿ ಎಂದವನು ಅವನೇ. ಸಹಿಯೂ ಅವನದೇ. ಇದೊಂದು ಪತ್ರ ಸಾಕು, ಅವನ ಮಂಟಪ ಕುಸಿಯಲು.

ಪತ್ರವನ್ನು ಲಕೋಟೆಗೆ ಹಾಕಲಾಯಿತು. ಅಂಟಿಸಲಾಯಿತು.

ಜುಲೈ ೧೫, ಸೋಮವಾರ

ವಿಶೇಷವಿಲ್ಲ. ಬಾಗಿಲು ಸದ್ದಾದಾಗಲೆಲ್ಲ ತಲೆಯೆತ್ತಿ ನೋಡಿದೆ. ಯಾರೂ ಬರಲಿಲ್ಲ.

ಜುಲೈ ೧೮, ಗುರುವಾರ

ಇಂದು ಅವರು ಬಂದರು. ಬಸ್ ಡ್ರೈವರ್. ಯೂನಿಫಾರ್ಮಿನಲ್ಲಿದ್ದರು, ಕೈಯಲ್ಲಿ ಪತ್ರವಿತ್ತು. ಈ ಗಳಿಗೆಗಾಗಿ ನಾನು ಕಾದಿದ್ದೆ. ಕೂಗಾಡುತ್ತಾರೆ, ಮೇಜು ಗುದ್ದುತ್ತಾರೆ, ನಿರ್ದೇಶಕರ ಕೋಣೆಯವರೆಗೆ ಕೇಳಿಸುತ್ತದೆ ಎಂದುಕೊಂಡಿದ್ದೆ. ಅವರು ಕೂಗಾಡಲಿಲ್ಲ.

“ಇದನ್ನ ಯಾರು ಬರ್ದಿದ್ದು ಸರ್?” ಎಂದು ನಗುಮುಖನನ್ನು ಕೇಳಿದರು.

ಅವನು ಪತ್ರ ತೆಗೆದುಕೊಂಡ, ಹೆಸರು ನೋಡಿದ. ಅರ್ಥವಾಗಲಿಲ್ಲ. ಡ್ರೈವರ್ ವಿಷಯ ಹೇಳಿದ ಮೇಲೆ ಅವನ ಕಿವಿಗಳು ಕೆಂಪಾದವು. ಎದ್ದು ನಿಂತು ತನ್ನ ಕುರ್ಚಿಯನ್ನೇ ಅವರಿಗೆ ಸರಿಸಿದ. “ಸಹಿ ನನ್ನದು ಸರ್” ಎಂದ. “ತಪ್ಪಾಯ್ತು” ಎಂದ. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

“ನಿಮ್ಮನ್ನ ಬೈಯೋಕೆ ಬಂದಿಲ್ಲ” ಎಂದರು ಡ್ರೈವರ್. “ಇಷ್ಟು ಸುಲಭವಾಗಿ ಬರ್ದಿದ್ದೀರಲ್ಲ, ಅದೇ ಕಷ್ಟ ಆಗಿರೋದು. ನನ್ನ ಮಗಳು ಈಗಷ್ಟೇ ಓದೋಕೆ ಕಲ್ತಿದ್ದಾಳೆ. ಕಾಗದ ಬಂದಾಗ ನಾನು ಬಸ್ಸಲ್ಲಿದ್ದೆ. ಅವಳೇ ಬಿಚ್ಚಿ, ಅಕ್ಷರ ಕೂಡಿಸ್ಕೊಂಡು ಓದಿದ್ದಾಳೆ. ಒಂದು ಪದಾನೂ ಬಿಡ್ದೆ ಅರ್ಥ ಆಗಿದೆ ಅವಳಿಗೆ. ‘ನೀನು ಸುಳ್ಳು ಹೇಳ್ದೆ ಅಪ್ಪಾ. ಅಮ್ಮ ಸತ್ತಿಲ್ಲ, ಎಲ್ಲೋ ಹೋಗಿದ್ದಾಳೆ. ಆಸ್ಪತ್ರೆಯವ್ರೂ ಹುಡುಕ್ತಾ ಇದ್ದಾರೆ’ ಅಂತಾಳೆ. ದಿನಾ ಸಾಯಂಕಾಲ ಬಸ್ ಸ್ಟಾಪಲ್ಲಿ ನಿಂತ್ಕೊಂಡು, ಇಳಿಯೋರ ಮುಖ ನೋಡ್ತಾಳೆ. ನನ್ನ ಬಸ್ಸಿಂದ ಇಳಿಯೋರನ್ನೂ ನೋಡ್ತಾಳೆ.”

ನಗುಮುಖನ ಕೈಯಲ್ಲಿದ್ದ ಪತ್ರದ ಸೀಲಿನ ಮೇಲೆ ಬೆರಳಿಟ್ಟರು.

“ನನ್ನ ಮಾತು ಅವಳು ನಂಬಲ್ಲ. ಸೀಲು ಇರೋ ಕಾಗದ ನಂಬ್ತಾಳೆ. ಇದೇ ಥರ, ಇಷ್ಟೇ ಸುಲಭವಾಗಿ ಇನ್ನೊಂದು ಬರ್ದುಕೊಡಿ ಸರ್. ಅವಳಮ್ಮ ಇಲ್ಲ ಅಂತ.”

ಸದರಿಯವರ ಮನವಿಯನ್ನು ಸ್ವೀಕರಿಸಲಾಯಿತು. ಇದಕ್ಕಿಂತ ಹೆಚ್ಚಿಗೆ ಬರೆಯುವ ಅಗತ್ಯ ಕಂಡುಬರುವುದಿಲ್ಲ.

ಜುಲೈ ೨೨, ಸೋಮವಾರ

ನಿರ್ದೇಶಕರು ವಿಚಾರಣೆ ನಡೆಸಿದರು. ರೆಕಾರ್ಡ್ ರೂಮಿನವರು ತಿಳಿಸಿದ, ತೀರಿಕೊಂಡವರ ಚೀಟಿಯ ಬಗ್ಗೆ ಗೊತ್ತಿತ್ತೇ ಎಂದು ನಗುಮುಖನನ್ನು ಕೇಳಲಾಯಿತು. ಗೊತ್ತಿರಲಿಲ್ಲ ಎಂದ. ಮುಖ್ಯಸ್ಥನಾದವನಿಗೆ ಗೊತ್ತಿರಬೇಕಿತ್ತು ಎಂದು ನಿರ್ದೇಶಕರು ಅಭಿಪ್ರಾಯಪಟ್ಟರು. ಹಿರಿಯ ಸಿಬ್ಬಂದಿಯನ್ನೂ ಕೇಳಲಾಯಿತು. ಪಟ್ಟಿಯ ಜವಾಬ್ದಾರಿಯಿಂದ ತಮ್ಮನ್ನು ಮುಕ್ತಗೊಳಿಸಲಾಗಿತ್ತೆಂದು ಅವರು ತಿಳಿಸಿದರು. ಈ ಹೇಳಿಕೆಯು ವಾಸ್ತವಾಂಶಗಳಿಂದ ಕೂಡಿದೆ.

ನಗುಮುಖನನ್ನು ಕರಡು ಬರೆಯುವ ಹುದ್ದೆಗೆ ಇಳಿಸಲಾಗಿದೆ. ಮುಖ್ಯಸ್ಥರ ಸ್ಥಾನಕ್ಕೆ ಹಿರಿಯ ಸಿಬ್ಬಂದಿಯನ್ನು ನೇಮಿಸಲಾಗಿದೆ.

ಗೆದ್ದೆ. ಬರೆದು ನೋಡಿದರೆ ಚಿಕ್ಕ ಪದ.

ಜುಲೈ ೨೯, ಸೋಮವಾರ

ಕುರ್ಚಿಗೆ ಬಂದದ್ದಾಯಿತು. ಪೆನ್ನು, ಕನ್ನಡಕ ಇಷ್ಟನ್ನು ಮಾತ್ರ ಹಳೆಯ ಮೇಜಿನಿಂದ ತರಲಾಯಿತು. ಉಳಿದದ್ದು ಅಲ್ಲಿಯೇ ಇದೆ. ಆ ಮೇಜಿಗೆ ನಗುಮುಖ ಬಂದಿದ್ದಾನೆ. ಈಗ ಅವನು ನಗುವುದಿಲ್ಲ. ‘ಅಕ್ಕ’ ಎನ್ನುವುದೂ ಇಲ್ಲ. “ಮೇಡಂ” ಎನ್ನುತ್ತಾನೆ, ಎದ್ದು ನಿಂತು. ನನಗೆ ಬೇಕಾಗಿದ್ದದ್ದು ಇದೇ.

ಪತ್ರಗಳಲ್ಲಿ ಹಿಂದಿನ ಶೈಲಿಯನ್ನು ಮರುಸ್ಥಾಪಿಸಲಾಗಿದೆ. ಡ್ರೈವರನ ಮನವಿಗೆ ಉತ್ತರವನ್ನು ಮುಖ್ಯಸ್ಥರೇ ಖುದ್ದಾಗಿ ಸಿದ್ಧಪಡಿಸಿದರು: ‘ಸದರಿ ರೋಗಿಯು ಚಿಕಿತ್ಸೆ ಫಲಕಾರಿಯಾಗದೆ ನಿಧನ ಹೊಂದಿರುವುದನ್ನು ದೃಢೀಕರಿಸಲಾಗಿದ್ದು, ಈ ಹಿಂದೆ ರವಾನೆಯಾದ ಪತ್ರವನ್ನು ಕಣ್ತಪ್ಪಿನಿಂದ ಕಳುಹಿಸಲಾಗಿರುತ್ತದೆ.’ ಸುಲಭವಾಗಿ ಬರೆಯಲು ಪ್ರಯತ್ನಿಸಲಾಯಿತು. ‘ಮಗು’ ಎಂದು ಆರಂಭಿಸಲಾಯಿತು. ಅದರ ಮುಂದಿನ ಪದ ಲಭ್ಯವಾಗಲಿಲ್ಲ.

ಸಂಜೆ ಮನೆಯಲ್ಲಿ, ಸಾರಿಗೆ ಉಪ್ಪು ಕಡಿಮೆ ಎಂದು ಪತಿಯವರು ತಿಳಿಸಿದರು. ಗಮನಿಸಲಾಗಿದೆ ಎಂದು ಉತ್ತರಿಸಲಾಯಿತು. ಅವರು ತಟ್ಟೆಯಿಂದ ತಲೆಯೆತ್ತಿ, “ಏನೇ ಇದು? ನಾನೇನು ನಿನಗೆ ಅರ್ಜಿ ಹಾಕ್ಕೊಂಡ್ನಾ? ಮನೆಗೆ ಬಂದ ಮೇಲಾದ್ರೂ ಮಾತಾಡೇ” ಎಂದರು. ಅವರ ಮಾತಿನ ಆಶಯ ತಿಳಿಯಲಿಲ್ಲ.

ಆಗಸ್ಟ್ ೫, ಸೋಮವಾರ

ಡ್ರೈವರ್ ಪುನಃ ಬಂದಿದ್ದರು. ಪತ್ರವನ್ನು ಮಡಚಿದ ಹಾಗೆಯೇ ಮೇಜಿನ ಮೇಲಿಟ್ಟರು.

“ಅವಳಿಗೆ ಓದೋಕಾಗ್ಲಿಲ್ಲ ಮೇಡಂ. ಅಪ್ಪಾ, ನಿಧನ ಹೊಂದೋದು ಅಂದ್ರೆ ಏನು ಸಿಗೋದು ಅಂತ ಕೇಳಿದ್ಳು. ನಾನು ಅರ್ಥ ಹೇಳ್ದೆ. ‘ನೀನೇ ಸೇರಿಸ್ಕೊಂಡು ಹೇಳ್ತಿದ್ದೀಯಾ. ಆ ಕಾಗದ ಬರೆದ ಒಳ್ಳೆಯವ್ರು ಹಾಗೆ ಬರೆದಿಲ್ಲ’ ಅಂದ್ಳು. ಆ ಒಳ್ಳೆಯವರ ಕೈಯಲ್ಲೇ ಬರೆಸಿಕೊಡಿ. ಗುರುವಾರ ಅವಳನ್ನೇ ಕರ್ಕೊಂಡು ಬರ್ತೀನಿ.”

ಒಳ್ಳೆಯವರು.

ಕರಡು ಬರೆಯುವುದು ನಗುಮುಖನ ಕೆಲಸ. ಸುಲಭ ಭಾಷೆ ಬೇಕು ಬೇಕು ಎಂದು ಕುಣಿದವನು ಅವನೇ ತಾನೇ? ಬರೆಯಲಿ, ಬೆವರಲಿ. ಕಡತವನ್ನು ಅವನ ಮೇಜಿಗೆ ವರ್ಗಾಯಿಸಲಾಯಿತು. ಅವನು ಎದ್ದು ನಿಂತು ತೆಗೆದುಕೊಂಡ. ಅವನ ಮುಂದೆ ನನ್ನ ಪೇಪರ್‌ವೇಟ್ ಇತ್ತು. ಅದರ ಕೆಳಗೆ ಚೀಟಿಗಳಿರಲಿಲ್ಲ.

ಆಗಸ್ಟ್ ೮, ಗುರುವಾರ

ಬೆಳಿಗ್ಗೆ ಬಂದು ಕುರ್ಚಿಯಲ್ಲಿ ಕೂರುವಷ್ಟರಲ್ಲಿ ಅವನು ಕರಡು ತಂದ. “ಮೇಡಂ, ತಮ್ಮ ಸಹಿಗೆ” ಎಂದು ಎದುರಿಗೆ ಇಟ್ಟು ಕೈಕಟ್ಟಿ ನಿಂತ. ಕಡತಕ್ಕಾಗಿ ಪೂರ್ತಿ ನಕಲು ಮಾಡಿಕೊಂಡಿದ್ದೇನೆ:

‘ಪುಟ್ಟಿ, ಹೋದ ತಿಂಗಳು ನಾನು ನಿಮ್ಮ ಮನೆಗೆ ಒಂದು ಕಾಗದ ಬರೆದಿದ್ದೆ. ನಿಮ್ಮಮ್ಮ ಎಲ್ಲಿ ಹೋದರು ಅಂತ ಅದರಲ್ಲಿ ಕೇಳಿದ್ದೆ. ಹಾಗೆ ಕೇಳಬಾರದಾಗಿತ್ತು. ಅವರು ನಮ್ಮ ಆಸ್ಪತ್ರೆಯಲ್ಲೇ ಸತ್ತುಹೋದರು. ಅದು ನನಗೆ ಆಗಲೇ ಗೊತ್ತಿತ್ತು. ಗೊತ್ತಿದ್ದೂ ಕಾಗದ ಕಳಿಸಿದೆ. ನಿಮ್ಮಪ್ಪ ಹೇಳಿದ್ದು ನಿಜ, ನಾನು ಕಳಿಸಿದ್ದು ಸುಳ್ಳು. ಸತ್ತವರು ತಿರುಗಿ ಬರುವುದಿಲ್ಲ. ಯಾವ ಬಸ್ಸಿನಲ್ಲೂ ಬರುವುದಿಲ್ಲ. ನೀನು ಇನ್ನು ಬಸ್ ಸ್ಟಾಪಿನಲ್ಲಿ ಕಾಯಬೇಡ. ನನ್ನ ಮೇಲೆ ನಿನಗೆ ಎಷ್ಟು ಕೋಪ ಬಂದರೂ ಅದು ಸರಿಯೇ.’

ಕೆಳಗೆ ಅಚ್ಚುಕಟ್ಟಾಗಿ ಮುಖ್ಯಸ್ಥರ ಹೆಸರು ಟೈಪ್ ಮಾಡಿದ್ದ. ನನ್ನ ಹೆಸರು.

ಒಂದಕ್ಷರದ ತಪ್ಪಿರಲಿಲ್ಲ. ನಾನು ಕಲಿಸಿದ ಹುಡುಗ! ಮುಖ ನೋಡಿದೆ. ಕರುಣೆಯಿಂದ ಬರೆದನೋ, ಹಲ್ಲು ಕಚ್ಚಿಕೊಂಡು ಬರೆದನೋ ಒಂದೂ ತಿಳಿಯಲಿಲ್ಲ. ಅವನ ಜಾಗದಲ್ಲಿ ನಾನಿದ್ದಿದ್ದರೆ ಹಲ್ಲು ಕಚ್ಚಿಕೊಂಡೇ ಬರೆಯುತ್ತಿದ್ದೆ.

“‘ಗೊತ್ತಿತ್ತು’ ಅನ್ನೋ ಸಾಲು ಬೇಕಾ?” ಎಂದೆ. “ತೆಗೀಬಹುದಲ್ಲ?”

“ತೆಗೀಬಹುದು ಮೇಡಂ. ಬರೆದವರು ತೆಗಿ ಅಂದ್ರೆ ತೆಗೀತೀನಿ.”

ಹಾಗೆಂದು ಜೇಬಿನಿಂದ ಜುಲೈ ಒಂಬತ್ತರ ಚೀಟಿ ತೆಗೆದು ನನ್ನ ಮುಂದಿಟ್ಟ. ನಿರ್ದೇಶಕರಿಗೆ ಕೊಟ್ಟಿರಲಿಲ್ಲ. ನನ್ನ ಕೈಗೇ ಕೊಟ್ಟ. ಅವನ ಮೇಲಿನ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ. ಇಳಿಯುವುದೂ ಇಲ್ಲವೇನೋ.

ಹೊರಗೆ ಬೆಂಚಿನ ಮೇಲೆ ಅವರಿಬ್ಬರೂ ಬಂದು ಕೂತಿದ್ದರು. ಹುಡುಗಿ ನಮ್ಮ ಬಾಗಿಲಿನ ಫಲಕವನ್ನು ಜೋರಾಗಿ ಓದುತ್ತಿದ್ದಳು. “ಪ… ತ್ರ… ವಿ… ಭಾ… ಗ.” ನಗುಮುಖ ಹೋಗಿ ಒಳಗೆ ಕರೆದುಕೊಂಡು ಬಂದ.

ಸಹಿ ಮಾಡಿದೆ. ಸೀಲು ಒತ್ತಿದೆ. ಸೀಲಿನ ಶಾಯಿ ಆರಲೆಂದು ಪತ್ರಕ್ಕೆ ನಾನೇ ಗಾಳಿ ಊದಿದೆ. ಆಮೇಲೆ ಅವಳ ಕೈಗೆ ಕೊಟ್ಟೆ.

ನಿಂತುಕೊಂಡೇ ಓದಿದಳು, ಬೆರಳಿಟ್ಟು, ಒಂದೊಂದೇ ಪದ. ಅವಳಪ್ಪ ಕಿಟಕಿಯ ಕಡೆ ನೋಡುತ್ತಿದ್ದರು. ‘ಸತ್ತುಹೋದರು’ ಎಂಬಲ್ಲಿ ಬೆರಳು ನಿಂತಿತು. ಮತ್ತೆ ಆ ಸಾಲಿನ ಮೊದಲಿಗೆ ಹೋಗಿ, ಇನ್ನೊಂದು ಸಲ ಓದಿ, ಮುಂದೆ ಹೋದಳು. ಕೊನೆಯವರೆಗೂ ಓದಿದಳು. ಕೆಳಗಿದ್ದ ಹೆಸರನ್ನೂ ಅಕ್ಷರ ಕೂಡಿಸಿ ಓದಿದಳು. ಆಮೇಲೆ ಮೇಜಿನ ಮೇಲಿದ್ದ ನನ್ನ ಹೆಸರಿನ ಹಲಗೆ ಓದಿದಳು. ಮತ್ತೆ ಪತ್ರ ನೋಡಿದಳು.

“ಇದು ನೀವಾ?” ಎಂದಳು.

“ನಾನೇ” ಎಂದೆ.